ಗೋಡೆಯ ಮೇಲೆ ಪಾದೋವಾದ ದಾರಿ

ಅಗ್ರಿಪಿನಾ ಟೀಚರ್ ಬಾಯಿ ಜೋರು, ಕರುಳು ಮೆತ್ತಗೆ. ಮೊಲ್ಡೋವಾದ ಆ ಹಳ್ಳಿ ಶಾಲೆಗೆ ಪ್ರೊಜೆಕ್ಟರ್ ಬಂದಾಗ ಉಳಿದವರು ಅದನ್ನು ಮುಟ್ಟುವುದಕ್ಕೂ ಹಿಂದೆಮುಂದೆ ನೋಡಿದರು. ಇವರು ತರಗತಿಯಲ್ಲಿ ಚಳಿಗೆಂದು ಉರಿಸುವ ಒಲೆ ಪಕ್ಕದ ಗೋಡೆಗೆ ತಾವೇ ಸುಣ್ಣ ಬಳಿದು, ಅದರ ಮೇಲೆ ಪ್ರಪಂಚದ ನಕಾಶೆ ಬಿಟ್ಟು, ಬನ್ರೋ ಊರು ಸುತ್ತೋಣ ಅಂದುಬಿಟ್ಟರು. ನಿವೃತ್ತಿ ಹತ್ತಿರ ಬಂದಿರುವಾಗ ಇದೆಂಥ ಹುಚ್ಚು ಅಂತ ಊರು ನಕ್ಕಿತು. ನಗಲಿ ಬಿಡಿ.

ಆ ಮಕ್ಕಳಿಗೆ ಇಟಲಿ ಹೊಸದೇನಲ್ಲ. ಅರ್ಧ ಮಕ್ಕಳ ತಾಯಂದಿರು ಮುದುಕರ ಆರೈಕೆಯ ಕೆಲಸಕ್ಕೆಂದು ಅಲ್ಲೇ ಇದ್ದಾರೆ. ಭಾನುವಾರ ಚರ್ಚಿನ ಮುಂದೆ ಇಟಲಿಯಿಂದ ವ್ಯಾನು ಬಂದು ನಿಂತರೆ ಅವರು ಕಳಿಸಿದ ಪೆಟ್ಟಿಗೆಗಳು ಇಳಿಯುತ್ತವೆ, ಅಜ್ಜಿಯರು ಕಟ್ಟಿದ ಅಕ್ರೋಟು, ಚೀಸು ಹತ್ತುತ್ತವೆ.

ಮೂರನೇ ತರಗತಿಯ ಸಾಂದಾ ಆ ಪೆಟ್ಟಿಗೆ ಬಿಚ್ಚುವುದನ್ನೇ ಬಿಟ್ಟಿದ್ದಳು. ಅಮ್ಮನ ಫೋನು ಬಂದರೆ ಕೊಟ್ಟಿಗೆಗೆ ಓಡುತ್ತಿದ್ದಳು. ಅವಳ ಅಜ್ಜಿ ಶಾಲೆಗೆ ಬಂದು ಟೀಚರ ಮುಂದೆ ಕಣ್ಣೀರು ಹಾಕಿದಳು. ತನ್ನ ಮಗಳು ಇಟಲಿಯಲ್ಲಿ ಊಟ ಬಿಟ್ಟು ಕೂತಿದ್ದಾಳಂತೆ. ಹೀಗೇ ಆದರೆ ಕೂಸು ತಾಯಿಯನ್ನೇ ಮರೆತುಬಿಡುತ್ತದಲ್ಲ ಅಂದಳು.

ಟೀಚರ್ ಮೆಲ್ಲಗೆ ವಿಚಾರಿಸಿದರು. ಸಾಂದಾ ಎದ್ದು ಹೋಗಿ ಗೋಡೆಯ ಮೇಲೆ ಗೇಣು ಹಾಕಿದಳು. ಕಿರುಬೆರಳು ತನ್ನೂರಿನ ಮೇಲೆ, ಹೆಬ್ಬೆರಳು ಅಮ್ಮ ಇರುವ ಪಾದೋವಾ ಪಟ್ಟಣದ ಮೇಲೆ.

"ನೋಡಿ ಟೀಚರ್, ಇಷ್ಟೇ ದೂರ. ಪೆಟ್ಟಿಗೆ ವಾರವಾರ ಬರುತ್ತೆ. ಅಮ್ಮಂಗೆ ಬರೋಕೆ ಮನಸ್ಸಿಲ್ಲ."

ಟೀಚರ್ ಆ ಪುಟ್ಟ ಗೇಣನ್ನೇ ನೋಡಿದರು. ಗೇಣಿನಲ್ಲಿ ದೂರ ಅಳೆಯೋದನ್ನು ಕಲಿಸಿದ್ದು ತಾವೇ. ಅಷ್ಟು ದೊಡ್ಡ ಭೂಮಿಯನ್ನು ಮಗುವಿನ ಕೈಯಳತೆಗೆ ಇಳಿಸಿದ್ದೂ ತಾವೇ.

ಮರುದಿನ ನಕಾಶೆಯನ್ನು ಹಿಗ್ಗಿಸಿದರು. ಗೋಡೆ ತುಂಬ ಅವರದೇ ಊರು: ಚರ್ಚು, ಬಾವಿ, ಸಾಂದಾಳ ಹಿತ್ತಿಲು. ಈಗ ವ್ಯಾನು ನೀನೇ ಓಡಿಸು ಅಂತ ಕಂಪ್ಯೂಟರಿನ ಮೌಸನ್ನು ಅವಳ ಕೈಗೆ ಕೊಟ್ಟರು. ಊರು ದಾಟಿದರೆ ಹೊಲ, ಹೊಲ ದಾಟಿದರೆ ಇನ್ನೊಂದೂರು. ಗಂಟೆ ಹೊಡೆದರೂ ದೇಶದ ಗಡಿಯ ಪ್ರುತ್ ನದಿಯ ಸೇತುವೆ ಸಿಗಲಿಲ್ಲ. ಆಮೇಲೆ ದಿನಾ ಅದೇ ಪಾಠ: ರೊಮೇನಿಯಾ, ಹಂಗೆರಿ ದಾಟಿ ಪಾದೋವಾ ಮುಟ್ಟಬೇಕು. ಮಕ್ಕಳು ಸರದಿ ಹಾಕಿಕೊಂಡರು, ರೊಮೇನಿಯಾದ ಬೆಟ್ಟದ ತಿರುವುಗಳಲ್ಲಿ ದಾರಿ ತಪ್ಪಿ ಕಿತ್ತಾಡಿದರು. ಸಾಂದಾ ದಿನದಿಂದ ದಿನಕ್ಕೆ ಮೌನವಾದಳು. ತಾಯಿಯನ್ನು ಇನ್ನಷ್ಟು ದೂರ ತಳ್ಳಿಬಿಟ್ಟೆನೇನೋ ಅಂತ ಟೀಚರಿಗೆ ನಿದ್ದೆ ಹತ್ತಲಿಲ್ಲ.

ಮುಂದಿನ ಭಾನುವಾರ ಫೋನು ಬಂದಾಗ ಟೀಚರ್ ಅಜ್ಜಿಯ ಅಡುಗೆಮನೆಯಲ್ಲೇ ಇದ್ದರು. ಸಾಂದಾ ಓಡಲಿಲ್ಲ. ಫೋನು ಕಿವಿಗಿಟ್ಟಳು.

"ಅಮ್ಮಾ, ಅಷ್ಟು ದೂರ ಒಬ್ಳೇ ಹೆಂಗ್ ಹೋದೆ? ದಾರೀಲಿ ಅತ್ತ್ಯಾ?"

ಆ ಕಡೆಯಿಂದ ಬಿಕ್ಕುವ ಸದ್ದು ಕೇಳಿಸಿತು. ಹುಡುಗಿ ದೊಡ್ಡವರ ಹಾಗೆ ಸಮಾಧಾನ ಹೇಳಿದಳು.

"ಅಳಬೇಡಮ್ಮ. ನಾವು ಹಂಗೆರಿವರೆಗೂ ಬಂದಿದೀವಿ."