ಶಾಕವ್ರತದ ತಿಂಗಳ ಚಪಾತಿ

ಕಳೆದ ವಾರ ಔಷಧಿ ಅಂಗಡಿಯಿಂದ ತಂದ ಡಬ್ಬಿಯ ಮುಚ್ಚಳ ತೆಗೆದಾಗ ಒಣಹುಲ್ಲಿಗೆ ಅಂಟು ಬೆರೆತಂಥ ವಾಸನೆ ಬಂತು. ಮೇಲೆ ‘ಆ್ಯಂಟಿಆಕ್ಸಿಡೆಂಟ್’ ಎಂದು ದಪ್ಪ ಅಕ್ಷರ. ತಕ್ಷಣ ನೆನಪಾದದ್ದು ಮರಾಠಿ ಸೀಮೆಯ ಖಡಕಿ ಊರಲ್ಲಿ ನಮ್ಮ ಎದುರು ಮನೆಯಲ್ಲಿದ್ದ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಚಿಕ್ಕಮ್ಮ. ಅವರ ಕ್ಯಾಪ್ಸೂಲ್ ಡಬ್ಬಿಯ ವಾಸನೆಯೂ ಇದೇ ಹೌದೋ ಅಲ್ಲವೋ, ಆಣೆ ಮಾಡಿ ಹೇಳಲಾರೆ.

ಧಾರವಾಡ ಕಡೆಯವರು. ಅವರ ಗಂಡ, ನಮಗೆಲ್ಲ ಕಾಕಾ, ಮದ್ದುಗುಂಡಿನ ಕಾರ್ಖಾನೆಯಿಂದ ನಿವೃತ್ತರಾಗಿದ್ದರು. ನಾನು ಎಂ.ಎ. ಓದುತ್ತಿದ್ದ ಕಾಲ, ಎರಡು ಸಾವಿರದ ಇಸವಿಯ ಆಚೀಚೆ. ಕಾಕುವಿನ ದೃಷ್ಟಿ ನಡುವಿನಿಂದ ಮಾಸತೊಡಗಿತ್ತು. ಬಾಗಿಲ ಚೌಕಟ್ಟು ಕಾಣುತ್ತಿತ್ತು, ಅದರಲ್ಲಿ ನಿಂತವರ ಮುಖ ಕಾಣುತ್ತಿರಲಿಲ್ಲ.

ಹೋದದ್ದು ಬರುವುದಿಲ್ಲ, ಉಳಿದದ್ದು ಹೋಗುವುದನ್ನು ನಿಧಾನ ಮಾಡಬಹುದಷ್ಟೇ ಎಂದಿದ್ದರಂತೆ ಕಣ್ಣಿನ ಡಾಕ್ಟರು. ಅದಕ್ಕೊಂದು ಕ್ಯಾಪ್ಸೂಲು, ಜೊತೆಗೆ ದಿನಾ ಹಸಿರು ಸೊಪ್ಪು, ಬಣ್ಣದ ತರಕಾರಿ. ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಮೈಯೊಳಗೂ ಸವೆತ ನಡೆಯುತ್ತದೆ, ಇವು ಅದನ್ನು ತಡೆಯುತ್ತವೆ ಎಂದು ವಿವರಿಸಿದ್ದರು. ಕಾಕು ನಮ್ಮ ಮನೆಗೆ ಬಂದು ಅದನ್ನು ತಮ್ಮ ರೀತಿಯಲ್ಲಿ ಹೇಳಿದರು: “ಕಾರ್ಖಾನ್ಯಾಗ ದುಡದವರು ಇವರು, ಜಂಗ ಹಿಡದದ್ದು ನನಗ ನೋಡ್ರಿ.”

ಕ್ಯಾಪ್ಸೂಲನ್ನು ಅವರು ನಂಬಲಿಲ್ಲ. ನೀರಿನಲ್ಲಿ ನೆನೆಹಾಕಿ, ಲೋಳೆಯಾದ ಸಿಪ್ಪೆಯನ್ನು ಬೆರಳಲ್ಲಿ ತಿಕ್ಕಿ, ಇದು ಯಾವುದೋ ಪ್ರಾಣಿಯ ಎಲುಬಿನದು ಎಂದರು. ಕಾಕಾ ಅಂಗಡಿಯವನನ್ನು ಮರಾಠಿಯಲ್ಲಿ ವಿಚಾರಿಸಿ ಬಂದು ಎಲ್ಲ ಶುದ್ಧವಂತೆ ಎಂದರು. ಅಷ್ಟು ಬೇಗ ಉತ್ತರ ಸಿಕ್ಕಿದ್ದೇ ಕಾಕುವಿನ ಸಂಶಯ ಹೆಚ್ಚಿಸಿತು. ಡಬ್ಬಿ ಚಪ್ಪಲಿಗಳ ಗೂಡು ಸೇರಿತು. ಉಳಿದದ್ದು ಸೊಪ್ಪು ಒಂದೇ.

ಅಷ್ಟರಲ್ಲಿ ಆಷಾಢ ಏಕಾದಶಿ ಬಂತು. ಚಾತುರ್ಮಾಸದ ಮೊದಲ ತಿಂಗಳು ಕಾಕುವಿನದು ಶಾಕವ್ರತ. ಸೊಪ್ಪಿಲ್ಲ, ತರಕಾರಿಯಿಲ್ಲ, ಹೆಸರುಬೇಳೆ, ಮೆಣಸು, ಜೀರಿಗೆ, ಮಾವು, ಇಷ್ಟರಲ್ಲೇ ಅಡುಗೆ. ಮದುವೆಯಾದಾಗಿನಿಂದ ಅದನ್ನು ಬಿಟ್ಟಿರಲಿಲ್ಲ. ಇದೊಂದು ವರ್ಷ ಬಿಡು ಎಂದು ಕಾಕಾ ಬೇಡಿಕೊಂಡರು.

“ದೇವರಿಗೇ ಮುಖ ತೋರಸಲಾರದಾಂಗ ಆದಮ್ಯಾಲೆ, ಕಣ್ಣು ಉಳಿಸಿಕೊಂಡು ಯಾರ ಮುಖ ನೋಡ್ಲಿ?”

ಆ ತಿಂಗಳು ಕಾಕಾ ಇದ್ದಕ್ಕಿದ್ದಂತೆ ಚಪಾತಿಯ ಹಿಟ್ಟು ಕಲಸತೊಡಗಿದರು. ಜನ್ಮದಲ್ಲಿ ಚಹಾ ಸೋಸಿಕೊಂಡವರಲ್ಲ. ಒಂದು ಮಧ್ಯಾಹ್ನ ಅವರ ಊಟದ ಹೊತ್ತಿಗೆ ನಾನು ಅಲ್ಲಿದ್ದೆ. ಚಪಾತಿಯಲ್ಲಿ ಸಣ್ಣ ಹಸಿರು ಚುಕ್ಕೆಗಳಿದ್ದವು… ಇದ್ದವು ಎಂದುಕೊಂಡಿದ್ದೇನೆ. ಒಣಗಿಸಿ ಪುಡಿ ಮಾಡಿದ ಪಾಲಕ್ ಇರಬೇಕು ಎಂದು ಆಗಲೇ ಅನಿಸಿತೋ, ಆಮೇಲೆ ಆ ಚುಕ್ಕೆಗಳನ್ನು ನಾನೇ ಇಟ್ಟೆನೋ. ಕಾಕು ಒಂದು ತುತ್ತು ಅಗಿಯುತ್ತ ನಡುವೆ ನಿಲ್ಲಿಸಿದರು. ಕಾಕಾ ನನ್ನ ಕಡೆ ನೋಡಲಿಲ್ಲ. ಕಾಕು ಮತ್ತೆ ಅಗಿಯತೊಡಗಿದರು, ತಟ್ಟೆ ಖಾಲಿ ಮಾಡಿದರು.

ವ್ರತ ಮುಗಿದ ದಿನ ನಮ್ಮನ್ನೂ ಊಟಕ್ಕೆ ಕರೆದಿದ್ದರು. ಬಡಿಸುತ್ತ ಬಡಿಸುತ್ತ ಕಾಕು ಗಂಡನಿಗೆ ಹೇಳಿದರು: “ಮುಂದಿನ ವರ್ಷ ವ್ರತ ನೀವು ಹಿಡೀರಿ. ಹಿಟ್ಟು ನಾ ಕಲಸ್ತೀನಿ.”

ಕಾಕಾ ಇನ್ನೊಂದು ಚಪಾತಿ ಹಾಕಿಸಿಕೊಂಡರು.

ಹಾಗೇ ಆಯಿತು. ಮರುವರ್ಷದಿಂದ ಆ ತಿಂಗಳು ಕಾಕಾ ಸೊಪ್ಪು ಮುಟ್ಟಲಿಲ್ಲ, ಕಾಕು ಎಲ್ಲರೆದುರೇ ತಿಂದರು. ಆದರೂ ಕೆಲವು ವರ್ಷಗಳಲ್ಲಿ ದೃಷ್ಟಿ ಹೋಯಿತು. ಸೊಪ್ಪಿನಿಂದಾಗಿ ನಿಧಾನಕ್ಕೆ ಹೋಯಿತೇ? ಹೋಲಿಸಿ ನೋಡಲು, ಸೊಪ್ಪು ತಿನ್ನದ ಇನ್ನೊಬ್ಬ ಕಾಕು ಇರಲಿಲ್ಲ.

ಈಗ ಅವರಿಬ್ಬರೂ ಇಲ್ಲ. ಮೊನ್ನೆ, ಈಗ ನಾವಿರುವ ವಾಕಡದ ಮನೆಯಲ್ಲಿ ಅವ್ವನನ್ನು ಕೇಳಿದೆ, ಕಾಕಾ ಹಿಟ್ಟಿಗೆ ಪಾಲಕ್ ಬೆರೆಸುತ್ತಿದ್ದದ್ದು ನಿಜವೇ ಎಂದು.

“ಅವರಿಗೆ ಪಾಲಕ್ ಯಾವುದು, ಮೆಂತೆ ಯಾವುದು, ಅದಾದ್ರೂ ಗೊತ್ತಿತ್ತೇನು?” ಎಂದಳು.

ಹಾಗಾದರೆ ಒಣಗಿಸಿ ಪುಡಿ ಮಾಡಿ ಕೊಟ್ಟವರು ಯಾರು ಎಂದೆ. ಅವ್ವ ಕಿಟಕಿಯ ಬಿಸಿಲಿಗೆ ತಾನು ಒಣಹಾಕಿದ್ದ ಮೆಂತೆ ಸೊಪ್ಪನ್ನು ಮಗುಚಿ ಹಾಕಿದಳು.

“ನಿನ್ನ ಕಾಕು ಇದ್ದಾಗ ಕೇಳಬೇಕಿತ್ತು ನೀ. ಆಕಿಗೆ ಎಲ್ಲಾ ಗೊತ್ತಿತ್ತು.”