ಅಕ್ಕನ ಕೋಣೆಗೆ ಚಿಲಕ ಇಲ್ಲ

"ಚಿಲಕ ಎಲ್ಲೋ?"

ಕೆ.ಆರ್. ಪುರದಾಚೆ ನಾವು ಕಟ್ಟಿಸುತ್ತಿರುವ ವಿಲ್ಲಾ ನೋಡಲು ಬಂದ ನನ್ನ ಅಕ್ಕ ಕೇಳಿದ ಮೊದಲ ಪ್ರಶ್ನೆ ಇದು. ಡಬಲ್ ಹೈಟ್ ಹಾಲ್ ನೋಡಲಿಲ್ಲ. ಗೋಡೆಯೇ ಇಲ್ಲದ ಅಡುಗೆಮನೆ ನೋಡಲಿಲ್ಲ. ಅವಳಿಗೆಂದೇ ಮಾಡಿಸಿದ ಕೋಣೆಯ ಮುಂದೆ ನಿಂತು, ತೂತುತೂತಿನ ಜಾಲಂಧ್ರದ ಸ್ಲೈಡಿಂಗ್ ಬಾಗಿಲನ್ನು (ಡಿಸೈನ್ ನನ್ನದೇ) ಆ ಕಡೆ ಈ ಕಡೆ ಎಳೆದಳು.

ಟೀಚರ್ ಆಗಿ ರಿಟೈರ್ ಆದ ಅಕ್ಕ, ಮರ್ಫಿ ಟೌನ್‌ನ ಬಾಡಿಗೆ ಮನೆ ಬಿಟ್ಟು ನಮ್ಮ ಜೊತೆ ಇರಲಿ ಎಂದು ನನಗೂ ಹೆಂಡತಿಗೂ ಆಸೆ. ಅವಳು ಇನ್ನೂ ಹೂಂ ಅಂದಿರಲಿಲ್ಲ. ಕೋಣೆ ನೋಡಿ ಹೇಳುತ್ತೇನೆ ಅಂದಿದ್ದಳು.

"ಚಿಲಕ ಯಾಕಕ್ಕ? ಇದು ಸೆಮಿ ಪ್ರೈವೇಟ್ ಸ್ಪೇಸ್. ನಿಂಗೆ ಒಂಟಿ ಅನ್ನಿಸಬಾರ್ದು ಅಂತ."

ನಾನು ಶುರು ಮಾಡಿದರೆ ನಿಮಗೆ ಗೊತ್ತಲ್ಲ. ಒಂದೇ ರೂಮಿನಲ್ಲಿ ಎಲ್ಲರೂ ಬೆಳೆದೆವು, ನಡುವೆ ಬಾಗಿಲೇ ಇರಲಿಲ್ಲ, ಎಷ್ಟು ಚೆನ್ನಾಗಿತ್ತು! ಇದೇ ಭಾಷಣ ಬಿಗಿದು ಆರ್ಕಿಟೆಕ್ಟ್ ಪ್ಲಾನಿನಿಂದ ಗೋಡೆಗಳನ್ನು ತೆಗೆಸಿದ್ದೆ. (ನನ್ನ ಸ್ಟಡಿ ರೂಮಿನ ಗೋಡೆ ಬಿಟ್ಟು. ಬರೆಯುವವನ ತಾಪತ್ರಯ ನಿಮಗೇನು ಗೊತ್ತು?)

"ಬಚ್ಚಲಿಗೆ ಇತ್ತಲ್ಲೋ ಬಾಗಿಲು," ಅಂದಳು ಅಕ್ಕ. "ಚಿಲಕ ಹಾಕ್ಕೊಂಡು ಕಾದಂಬರಿ ಓದ್ತಿದ್ದೆ. ಆಗಾಗ ಒಂದು ಚೊಂಬು ನೀರು ಸುರೀತಿದ್ದೆ, ಸ್ನಾನ ನಡೀತಿದೆ ಅನ್ಕೊಳ್ಲಿ ಅಂತ."

ಅಕ್ಕನಷ್ಟು ಶುಚಿಯಾದವರನ್ನು ಕಂಡಿಲ್ಲ, ಗಂಟೆಗಟ್ಟಲೆ ಸ್ನಾನ ಮಾಡುತ್ತಿದ್ದಳು ಎಂದು ಇದೇ ಅಂಕಣದಲ್ಲಿ ಕಣ್ಣು ತುಂಬಿಕೊಂಡು ಬರೆದಿದ್ದೆ. ನೀವೂ ಮೆಚ್ಚಿದಿರಿ. ದಯವಿಟ್ಟು ಆ ಮೆಚ್ಚುಗೆ ವಾಪಸ್ ತೆಗೆದುಕೊಳ್ಳಿ. ನನ್ನ ನೆನಪುಗಳೂ ಓಪನ್ ಪ್ಲಾನ್. ಅಡ್ಡ ಬಂದದ್ದನ್ನೆಲ್ಲ ಒಡೆಸಿಬಿಟ್ಟಿದ್ದೇನೆ.

"ಬಂದೋರೆಲ್ಲ ಇಣುಕಿ ನೋಡೋಕೆ ನಾನೇನು ಶೋಕೇಸ್ ಗೊಂಬೆನಾ? ನಾ ಬರಲ್ಲ ಕಣೋ."

ಹೆಂಡತಿ ನನ್ನತ್ತ ತಿರುಗಿದಳು. "ನಿಮ್ಮ ಸ್ಟಡಿಗೆ ಚಿಲಕ ಇದೆಯಲ್ರೀ?"

ಇದೆ. ಮೇಲೊಂದು, ಕೆಳಗೊಂದು.

ಅಕ್ಕ ನನ್ನ ಸ್ಟಡಿಯೊಳಗೆ ಹೋದಳು. ಎರಡೂ ಚಿಲಕ ಬಿದ್ದ ಸದ್ದು ಕೇಳಿಸಿತು. ಕಾದೆ. ಮತ್ತೆ ಕಾದೆ. ಕೊನೆಗೆ ಮೆಲ್ಲಗೆ ಬಾಗಿಲು ತಟ್ಟಿದೆ.

"ಅಕ್ಕಾ, ಹೇಗಿದೆ?"

"ಇದಾದ್ರೆ ಬರ್ತೀನಿ. ಈಗ ಹೋಗೋ, ಆಮೇಲೆ ಬಾ."

ಹೀಗಾಗಿ ಜಾಲಂಧ್ರದ ಕೋಣೆ ಈಗ ನನ್ನದು. ಅಲ್ಲಿ ಕೂತು ಯೋಚಿಸುತ್ತಿದ್ದೇನೆ: ನಾನು ಬಾಗಿಲು ಹಾಕಿಕೊಂಡರೆ ಏಕಾಂತ, ಅಕ್ಕ ಹಾಕಿಕೊಂಡರೆ ಒಂಟಿತನ ಅಂತ ನನಗೆ ಯಾವ ಆರ್ಕಿಟೆಕ್ಟ್ ಹೇಳಿಕೊಟ್ಟಿದ್ದ?