ಕೈ ಎತ್ತಿದವನ ಮೇಲಿಂದ ಸರಿದ ಗುರಿ

ಟಿವಿಯ ಮುಂದೆ ಕಂಟ್ರೋಲರ್ ಹಿಡಿದು ಬಂದೂಕಿನ ಗೇಮ್ ಆಡುವ ಬಹುಮಂದಿಗೆ ತಮ್ಮ ಗುರಿ ಪೂರ್ತಿ ತಮ್ಮದಲ್ಲ ಎಂಬುದು ತಿಳಿದಿರುವುದಿಲ್ಲ. ಓಡುವ ಶತ್ರುವಿಗೆ ಬರೀ ಹೆಬ್ಬೆರಳಿನಿಂದ ಗುರಿಯಿಡುವುದು ಕಷ್ಟವಾದ್ದರಿಂದ, ಗುರಿ ಅವನ ಸಮೀಪ ಬಂದೊಡನೆ ಗೇಮೇ ಅದನ್ನು ಅವನತ್ತ ತುಸು ಎಳೆಯುತ್ತದೆ. ಆಡುವವರಿಗೆ ಸುಳಿವೇ ಸಿಗದಂತೆ ಈ ಎಳೆತವನ್ನು ಹದಗೊಳಿಸುವ ವಿದ್ಯೆಯಲ್ಲಿ ಅಗ್ರಗಣ್ಯರು, ನಾವೆಲ್ಲರೂ ‘ಗುರಿಕಾರರು’ ಎಂದೇ ಕರೆಯುವ, ಈಗ ನಿವೃತ್ತರಾಗುತ್ತಿರುವ ಹಿರಿಯರು. ನಮ್ಮ ಕಂಪನಿಯ ಮೊದಲ ಗೇಮ್ ಮನೆಮಾತಾದದ್ದು ಅವರ ಕೈಚಳಕದಿಂದಲೇ. ಒಪ್ಪದವರು ನನ್ನೊಡನೆ ಜಗಳಕ್ಕೆ ಬರಬಹುದು.

ಆ ಗೇಮಿನ ಎರಡನೆಯ ಭಾಗದ ಕೆಲಸ ನಡೆಯುತ್ತಿದ್ದಾಗ, ಆಡಿ ನೋಡಿ ತಪ್ಪು ಹುಡುಕುವ ಟೆಸ್ಟರ್ ಆಗಿ ನಾನು ಸೇರಿದೆ. ‘ಕೂತು ಆಟ ಆಡೋಕೂ ಸಂಬಳ ಕೊಡ್ತಾರಾ?’ ಎಂದು ನಮ್ಮತ್ತೆ ಬೆರಗಾಗಿದ್ದ ಉದ್ಯೋಗವದು. ಪರದೆ ಎಳೆದ ನಮ್ಮ ಕೋಣೆಗೆ ಬಂದು ‘ಹೆಬ್ಬೆರಳು ನೋಯ್ತಿದೆಯೇನಮ್ಮ?’ ಎಂದು ವಿಚಾರಿಸುತ್ತಿದ್ದ ಹಿರಿಯರು ಗುರಿಕಾರರೊಬ್ಬರೇ. ನನ್ನ ಕುರ್ಚಿಯ ಸಡಿಲಗೊಂಡ ಕೈಯನ್ನು ಸ್ಕ್ರೂ ಬಿಗಿದು ಸರಿಪಡಿಸಿದವರೂ ಅವರೇ.

ಎರಡನೆಯ ಭಾಗದಲ್ಲೊಂದು ಹೊಸತನವಿತ್ತು. ಸೋತ ಶತ್ರು ಬಂದೂಕು ಬಿಸುಟು ಕೈ ಎತ್ತುತ್ತಾನೆ. ಕೊಲ್ಲುವುದೋ ಬಿಡುವುದೋ ಆಡುವವರ ಇಷ್ಟ. ನಾನಾದರೋ ಶರಣಾದವರನ್ನೆಲ್ಲ ಹೊಡೆದುಹಾಕುತ್ತಿದ್ದೆ. ‘ಇವಳ ಮುಂದೆ ಕೈ ಎತ್ತಿದ್ರೂ ಅಷ್ಟೇ, ಕಥೆ ಮುಗೀತು’ ಎಂದು ನಿರ್ಮಾಪಕರು ಸಭೆಯಲ್ಲಿ ನಕ್ಕರು, ಎಲ್ಲರೂ ನಕ್ಕರು. ‘ಪಕ್ಕದವನಿಗೆ ಗುರಿ ಇಟ್ರೂ ಕೈ ಎತ್ತಿದವನ ಕಡೆಗೇ ಹೋಗತ್ತೆ ಸಾರ್’ ಎಂದೆ, ಯಾರೂ ಕಿವಿಗೊಡಲಿಲ್ಲ. ಜನಕ್ಕೆ ಕರುಣೆ ಬೇಕಿಲ್ಲವೆಂದು ತೀರ್ಮಾನಿಸಿ, ಶರಣಾಗತಿಯನ್ನೇ ತೆಗೆದುಹಾಕಲು ಹೊರಟರು. ನನ್ನೊಳಗೆ ನಿಜಕ್ಕೂ ಇಷ್ಟು ಕ್ರೌರ್ಯವಿದೆಯೇ ಎಂದು ನಾನು ಹೆದರಿದೆ. ಮನೆಯಲ್ಲಿ ಮಗಳ ಮುಖ ನೋಡಲಾಗದೆ, ಕೆಲಸ ಬಿಡುವುದೆಂದು ನಿಶ್ಚಯಿಸಿದೆ.

ಗುರಿಕಾರರು ಬಂದು ಪಕ್ಕದಲ್ಲಿ ಕುಳಿತರು. ‘ಇನ್ನೊಂದ್ಸಲ ಆಡಮ್ಮ. ನಾನು ನಿನ್ನ ಬೆರಳು ಮಾತ್ರ ನೋಡ್ತೀನಿ.’ ನಾನಾಡಿದೆ. ಅವರು ಬಹಳ ಹೊತ್ತು ನನ್ನ ಹೆಬ್ಬೆರಳನ್ನು ನೋಡಿ, ಆಮೇಲೆ ಟಿವಿಯತ್ತ ನೋಡಿ, ಕನ್ನಡಕ ತೆಗೆದರು.

‘ನಿನ್ನ ಕೈ ಸರಿಯಾಗೇ ಇದೆ. ಎಳೀತಿರೋದು ನಾನು.’

ಅವರು ರೂಪಿಸಿದ ಎಳೆತಕ್ಕೆ ಕೈ ಎತ್ತಿದವನೂ ಒಬ್ಬ ಶತ್ರುವೇ ಆಗಿದ್ದ. ಮರುದಿನ ಸಭೆಯಲ್ಲಿ ಎದ್ದು ನಿಂತು, ತಮಗೆ ಹೆಸರು ತಂದ ಕೆಲಸದಲ್ಲೇ ದೋಷವಿದೆಯೆಂದು ಅವರು ಹೇಳಿದರು. ನಿರ್ಮಾಪಕರು ಸಿಡಿಮಿಡಿಗೊಂಡರು: ‘ಈಗ ಅದಕ್ಕೆ ಕೈ ಹಾಕಿದ್ರೆ ಬಿಡುಗಡೆ ಮುಂದಕ್ಕೆ ಹೋಗತ್ತೆ!’ ‘ಹೋಗ್ಲಿ, ಬೈಗುಳ ನನಗಿರಲಿ’ ಎಂದರು ಗುರಿಕಾರರು. ಬಿಡುಗಡೆ ತಡವಾಯಿತು, ಬೈಗುಳವೂ ಬಂತು. ಅವರಿಗೆ ಸಿಗಬೇಕಿದ್ದ ಮೂರನೆಯ ಭಾಗದ ಮುಖ್ಯಸ್ಥರ ಹುದ್ದೆ ಬೇರೊಬ್ಬರ ಪಾಲಾಯಿತು. ಗುರಿಕಾರರು ಅದನ್ನು ಒಮ್ಮೆಯೂ ಎತ್ತಿ ಆಡಿದವರಲ್ಲ. ನನಗೆ ಮಾತ್ರ ಇಂದಿಗೂ ಹೊಟ್ಟೆ ಉರಿಯುತ್ತದೆ.

ತಿದ್ದಿದ ಗೇಮನ್ನು ಅವರು ಮೊದಲು ನನ್ನ ಕೈಗೇ ಕೊಟ್ಟರು. ಸೈನಿಕನೊಬ್ಬ ಕೈ ಎತ್ತಿದ. ಗುರಿ ಎಲ್ಲೂ ಅಂಟದೆ ಅವನನ್ನು ದಾಟಿ ಗೋಡೆಯತ್ತ ಸರಿಯಿತು. ಹೊಡೆಯಬಹುದಿತ್ತು, ನಾನು ಹೊಡೆಯಲಿಲ್ಲ. ಅವನು ಬಾಗಿಲು ದಾಟಿ ಓಡಿಹೋದ, ನಾನು ಬಿಕ್ಕಿ ಬಿಕ್ಕಿ ಅತ್ತೆ.

‘ಅಯ್ಯೋ, ಬದುಕಿಸಿ ಯಾರಾದ್ರೂ ಅಳ್ತಾರೇನಮ್ಮ!’ ಎಂದು ಗುರಿಕಾರರು ಗಾಬರಿಯಾದರು.

ಅವರಿಗೆ ದೀರ್ಘಾಯುಷ್ಯವಿರಲಿ, ಕಣ್ಣು ಚುರುಕಾಗಿರಲಿ, ಹೊಸಬರ ಪಕ್ಕ ಕುರ್ಚಿ ಎಳೆದು ಕೂರುವ ಅಭ್ಯಾಸ ನಿವೃತ್ತಿಯ ನಂತರವೂ ತಪ್ಪದಿರಲಿ. ಅಂದು ನನ್ನ ಮೇಲೆ ನನಗೇ ನಂಬಿಕೆ ಹೋಗಿತ್ತು. ನನ್ನನ್ನು ನಂಬಿದವರು ಅವರೊಬ್ಬರೇ.